ಹಿತ್ತಲ ತೋಟಕ್ಕೆ ಅಪ್ಸೆಣಬಿನ ಹಸುರು ಗೊಬ್ಬರ

ಮಣ್ಣು ಜಡವಸ್ತುವಲ್ಲ, ಕಣ್ಣಿಗೆ ಕಾಣದ ಅಸಂಖ್ಯಾತ ಜೀವಾಣುಗಳೂ ಎರೆಹುಳುಗಳೂ ಅದರಲ್ಲಿ ನೆಲಸಿರುತ್ತವೆ. ಇವುಗಳಿಗೆ ಆಹಾರವನ್ನೊದಗಿಸುವ ಸುಲಭೋಪಾಯಗಳಲ್ಲಿ ಅಪ್ಸೆಣಬಿನ ಬೆಳೆಯೊಂದು. ಇದು ಭಂಗಿಯ ಜಾತಿಯದಲ್ಲ. ಅವರೆ, ಹುರುಳಿಗಳ ವರ್ಗಕ್ಕೆ ಸೇರಿದುದು. ಇದರ ಬೇರಿನ ಗಂಟುಗಳಲ್ಲಿರುವ ಜೀವಾಣುಗಳು ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಕೊಡುತ್ತವೆ.

ಮುಂಗಾರಿನಲ್ಲಿ ನೆಲ ಹದವಾದೊಡನೆ ಬೀಜವನ್ನು ಒತ್ತಾಗಿ ಚೆಲ್ಲತಕ್ಕದ್ದು. ಸುಮಾರು 45 ದಿನಗಳಲ್ಲಿ, ಹೂ ಬಿಡಲಾರಂಭಿಸಿದಾಗ, ಗಿಡಗಳನ್ನು ಕೊಯ್ದು ತುಂಡರಿಸಿ, ಹಸಿಯಾಗಿರುವಾಗಲೇ ತೇವದ ಮಣ್ಣಿಗೆ ಸೇರಿಸಬೇಕು. ನಾರಿನ ಆಸೆಯಿಂದ ಬಲಿಯಲು ಬಿಟ್ಟರೆ ಕಾಂಡವು ಬೇಗ ಕೊಳೆಯದು. ಅದನ್ನು ಕೊಳೆಯಿಸುವ ಜೀವಾಣುಗಳು ಮಣ್ಣಿನ ಸಾರಜನಕವನ್ನೇ ಬಳಸಿಕೊಳ್ಳುವುದರಿಂದ ಸಸಿಗಳು ಹಳದಿಯಾಗಿ ಸೊರಗುವುವು.

ಎಳೆಯ ಗಿಡವನ್ನು ಸೇರಿಸಿದರೂ ಎರಡು ಮೂರು ವಾರ ಕಳೆದ ಮೇಲೆಯೇ ಬದನೆ, ಮೆಣಸಿನ ಸಸಿಗಳನ್ನು ನೆಡತಕ್ಕದ್ದು. ನಾರು ಬೇಕಾದವರು ಅದಕ್ಕೆಂದು ಬೇರೊಂದು ಮಡಿಯನ್ನು ಬಿಡುವುದು ಲೇಸು.