ಆಂಗ್ಲ ವ್ಯಾಕರಣಕ್ಕೆ ಕನ್ನಡದ ಮೆಟ್ಟಿಲು

ನಮ್ಮ ಪೂರ್ವಿಕರು ವೇದದ ಆರು ಅಂಗಗಳಲ್ಲಿ ವ್ಯಾಕರಣಕ್ಕೆ ಮುಖದ ಸ್ಥಾನವನ್ನು ಕೊಟ್ಟಿದ್ದರು. ಇಂದಾದರೋ ಸಿಂಧನೂರು, ಲಿಂಗಸುಗೂರು, ಮಸ್ಕಿ ಈ ಮೂರು ತಾಲ್ಲೂಕುಗಳ ಮಾಧ್ಯಮಿಕ ತರಗತಿಗಳ ಮಕ್ಕಳಿಗೆ ವ್ಯಾಕರಣವೆಂದರೆ, ಅದರಲ್ಲಿಯೂ ಇಂಗ್ಲಿಷ್ ವ್ಯಾಕರಣವೆಂದರೆ, ಮುಖ ತಿರುಗಿಸಿಕೊಳ್ಳುವ ವಸ್ತುವಾಗಿದೆ. ಕನ್ನಡ ಶಾಲೆಗಳಲ್ಲಿ ಹಿಂದೆ ಐದನೆಯ ತರಗತಿಯಿಂದ ಆರಂಭವಾಗುತ್ತಿದ್ದ ಇಂಗ್ಲಿಷು 2007ರಿಂದೀಚೆಗೆ ಒಂದನೆಯ ತರಗತಿಗೇ ಬಂದಿದೆ. ಹಾಡು, ಆಟ, ಚಿತ್ರಗಳೊಡನೆ ಕೆಲವು ವರ್ಷ ಸುಖವಾಗಿಯೇ ಸಾಗುವುದು. ಆರನೆಯ ತರಗತಿಗೆ ಬಂದೊಡನೆ ನೌನ್, ವರ್ಬ್, ಟೆನ್ಸ್, ಸಿಮಿಲಿ, ಮೆಟಫರ್ ಎಂಬ ಹೆಸರುಗಳ ಹೊರೆಯು ಒಮ್ಮೆಲೇ ತಲೆಯ ಮೇಲೆ ಬೀಳುವುದು.

ಈ ಹೊರೆಯ ಫಲವು ತಡವಾಗಿ ಕಾಣುತ್ತದೆ. ಗಣಿತದಲ್ಲಿ ಚುರುಕಾದ ಹುಡುಗನೂ ಹತ್ತನೆಯ ತರಗತಿಯ ಇಂಗ್ಲಿಷ್ ಪರೀಕ್ಷೆಯಲ್ಲಿ ಎಡವಿ, "ನಾನು ದಡ್ಡನು" ಎಂದು ನಂಬಿ, ನಾಟಿಯ ಗದ್ದೆಗೆ ಹೊರಟುಬಿಡುವನು. ಹೆಣ್ಣುಮಗಳಾದರೆ ಮನೆಯಲ್ಲಿ ಮದುವೆಯ ಮಾತು ಏಳುವುದು. ಬುದ್ಧಿಯ ಕೊರತೆಯಿಂದಲ್ಲ, ಹೇಳಿಕೊಟ್ಟ ಕ್ರಮದ ಕೊರತೆಯಿಂದ ಒಂದು ಬಾಳು ಹೀಗೆ ಕುಗ್ಗುವುದು ಸಣ್ಣ ಹಾನಿಯಲ್ಲ. "ನಮಗೇ ಇಂಗ್ಲಿಷು ಬಾರದು, ನಾವೇನು ಹೇಳಿಕೊಡೋಣ?" ಎಂದು ತಾಯಿತಂದೆಗಳು ಕೇಳುತ್ತಾರೆ. ಅವರಿಗೆ ಕನ್ನಡ ಬಂದರೆ ಸಾಕು ಎಂಬುದೇ ಈ ಲೇಖನದ ತಾತ್ಪರ್ಯ.

ಪರಭಾಷೆಯು ನಮ್ಮ ಸೀಮೆಗೆ ಹೊಸದೂ ಅಲ್ಲ. 1915ರಲ್ಲಿ ಬೀಡನ್ ಎಂಬ ಗಣಿಯ ಇಂಜಿನಿಯರನು ಮಸ್ಕಿಯ ಬಂಡೆಯ ಮೇಲೆ ಕಂಡ ಶಾಸನವು, ದೇವಾನಾಂಪ್ರಿಯನೆಂಬ ಬಿರುದಿನೊಡನೆ ಅಶೋಕನೆಂಬ ಹೆಸರನ್ನೂ ಧರಿಸಿ ಲೋಕಪ್ರಸಿದ್ಧವಾಯಿತು. ಅದರ ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಬಹುಕಾಲದ ಮೇಲೆ, 1948ರವರೆಗೆ, ಹೈದರಾಬಾದು ಸಂಸ್ಥಾನದ ಆಳ್ವಿಕೆಯಲ್ಲಿ ಕಚೇರಿಗೂ ಮೇಲಿನ ವಿದ್ಯೆಗೂ ಉರ್ದುವೇ ಬಾಗಿಲಾಗಿತ್ತು. ನಮ್ಮ ಹಿರಿಯರು ಶಾಲೆಯಲ್ಲಿ ಉರ್ದುವನ್ನು ಓದಿ, ಮನೆಯಲ್ಲಿ ಕನ್ನಡವನ್ನಾಡಿ, ಎರಡನ್ನೂ ಉಳಿಸಿಕೊಂಡರು. ಅಂತಹ ಮನೆತನಗಳ ಮಕ್ಕಳು ಇಂಗ್ಲಿಷಿಗೆ ಅಂಜಬೇಕಾದುದೇನು?

ಮಗುವು ಆಡುವ ಕನ್ನಡದಲ್ಲಿ ವ್ಯಾಕರಣವೆಲ್ಲವೂ ಆಗಲೇ ಇದೆ, ಹೆಸರಿಡುವುದೊಂದೇ ಉಳಿದಿದೆ. ಯಾಸ್ಕಮುನಿಯು ಪದಗಳನ್ನು ನಾಮ, ಆಖ್ಯಾತ, ಉಪಸರ್ಗ, ನಿಪಾತವೆಂದು ನಾಲ್ಕಾಗಿ ವಿಂಗಡಿಸಿದನು. ಇಂಗ್ಲಿಷಿನವರು ಎಂಟಾಗಿ ವಿಂಗಡಿಸುತ್ತಾರೆ. ತಾಯಿಯು ರೊಟ್ಟಿ ತಟ್ಟುತ್ತಿರುವಾಗಲೇ ಈ ಪಾಠವು ನಡೆಯಬಹುದು. ರೊಟ್ಟಿ ಎಂಬುದು ನಾಮಪದ, ಅದೇ ನೌನ್. ತಟ್ಟು ಎಂಬುದು ಕ್ರಿಯೆ, ಅದೇ ವರ್ಬ್. ಬಿಸಿ ಎಂಬುದು ಗುಣವಾಚಕ, ಅದೇ ಅಡ್ಜೆಕ್ಟಿವ್. ಬೇಗನೆ ಎಂಬುದು ಕ್ರಿಯಾವಿಶೇಷಣ, ಅದೇ ಅಡ್ವರ್ಬ್. ಲಕ್ಷ್ಯವನ್ನು ಕಂಡ ಮೇಲೆ ಲಕ್ಷಣವು ತಾನಾಗಿ ನಿಲ್ಲುತ್ತದೆ. ಲಕ್ಷ್ಯವಿಲ್ಲದ ಲಕ್ಷಣವನ್ನು ಬಾಯಿಪಾಠ ಮಾಡಿಸುವುದು ನೀರಿಲ್ಲದ ಬಾವಿಗೆ ಹಗ್ಗ ಹೊಸೆದಂತೆ.

ಇನ್ನು ಎರಡು ಭಾಷೆಗಳ ಭೇದವನ್ನು ನೋಡೋಣ. "ಬೇಟೆಗಾರನು ಹುಲಿಯನ್ನು ಕೊಂದನು" ಎಂದರೂ "ಹುಲಿಯನ್ನು ಬೇಟೆಗಾರನು ಕೊಂದನು" ಎಂದರೂ ಕನ್ನಡದಲ್ಲಿ ಸತ್ತದ್ದು ಹುಲಿಯೇ. ದ್ವಿತೀಯಾ ವಿಭಕ್ತಿಯು ಅದನ್ನು ಕಾದು ಹೇಳುತ್ತದೆ. ಇಂಗ್ಲಿಷಿನಲ್ಲಿ "ದಿ ಹಂಟರ್ ಕಿಲ್ಡ್ ದಿ ಟೈಗರ್" ಎಂಬಲ್ಲಿ ಎರಡು ನಾಮಪದಗಳನ್ನು ಅದಲುಬದಲು ಮಾಡಿದರೆ ಬೇಟೆಗಾರನೇ ಸಾಯುವನು! ಏಕೆಂದರೆ ಅಲ್ಲಿ ಪದದ ಸ್ಥಾನವೇ ವಿಭಕ್ತಿಯ ಕೆಲಸವನ್ನು ಮಾಡುತ್ತದೆ. ನಮ್ಮಲ್ಲಿ ಸಾಮಾನ್ಯವಾಗಿ ಕೊನೆಗೆ ಬರುವ ಕ್ರಿಯಾಪದವು ಅಲ್ಲಿ ನಡುವೆ ಬರುತ್ತದೆ. ಇದೊಂದನ್ನು ಮನಗಂಡ ಬಾಲಕನು ವಾಕ್ಯರಚನೆಯಲ್ಲಿ ಅರ್ಧ ದಾರಿಯನ್ನು ನಡೆದಂತೆಯೇ ಸರಿ.

ಮಸ್ಕಿಗೆ, ಮಸ್ಕಿಯಿಂದ, ಮಸ್ಕಿಯಲ್ಲಿ ಎಂದು ನಾವು ಪದದ ಹಿಂದೆ ಅಂಟಿಸುವ ಪ್ರತ್ಯಯಗಳು ಅಲ್ಲಿ ಟು, ಫ್ರಂ, ಇನ್ ಎಂದು ಬಿಡಿಯಾಗಿ ಮುಂದೆ ನಿಲ್ಲುತ್ತವೆ. ಎ ಮತ್ತು ದಿ ಎಂಬ ಚಿಕ್ಕ ಪದಗಳು ಮಕ್ಕಳನ್ನು ಬಹಳವಾಗಿ ಕಾಡುವುವು. ಇದಕ್ಕೆ ಅಜ್ಜಿಯ ಕಥೆಯೇ ಮದ್ದು. "ಒಂದು ಊರಿನಲ್ಲಿ ಒಬ್ಬ ರಾಜನಿದ್ದನು, ಆ ರಾಜನಿಗೆ ಮೂವರು ಮಕ್ಕಳು." ಮೊದಲು ಬಂದ "ಒಬ್ಬ" ಎಂಬುದೇ ಎ, ಪರಿಚಯವಾದ ಮೇಲೆ ಬಂದ "ಆ" ಎಂಬುದೇ ದಿ. ಎಲ್ಲೆಡೆಯೂ ಇದು ಸಾಲದಾದರೂ ಮೊದಲ ಹೆಜ್ಜೆಗೆ ಸಾಕು. ಹಾಗೆಯೇ "ನನಗೆ ಹಸಿವಾಗಿದೆ" ಎಂಬಲ್ಲಿ ನಾವು ಚತುರ್ಥಿಯನ್ನು ಹಚ್ಚಿದರೆ, ಅವರು "ಐ ಆಮ್ ಹಂಗ್ರಿ" ಎಂದು ಪ್ರಥಮಾ ವಿಭಕ್ತಿಯಲ್ಲಿಯೇ ಹೇಳುತ್ತಾರೆ. "ನಾಳೆ ಬರುತ್ತೇನೆ ಎಂದು ಅಣ್ಣನು ಹೇಳಿದನು" ಎಂಬಲ್ಲಿ ನಾವು ಅಣ್ಣನ ಮಾತನ್ನು ಇದ್ದಂತೆಯೇ ಇರಿಸಿ "ಎಂದು" ಎಂಬುದನ್ನು ಸೇರಿಸುತ್ತೇವೆ. ಅವರ ಪರೋಕ್ಷ ಕಥನದಲ್ಲಿ ನಾನು ಎಂಬುದು ಅವನು ಎಂದಾಗಿ, ಕಾಲವೂ ಹಿಂದಕ್ಕೆ ಸರಿಯುತ್ತದೆ. ಈ ಭೇದಗಳನ್ನು ಎದುರುಬದುರು ನಿಲ್ಲಿಸಿ ತೋರಿಸಿದರೆ ಮಗುವಿಗೆ ತಪ್ಪು ಎಲ್ಲಿ ಹುಟ್ಟಿತೆಂಬುದು ತಾನೇ ತಿಳಿಯುವುದು.

ಸಾಹಿತ್ಯದ ಪರಿಭಾಷೆಯಲ್ಲಂತೂ ನಾವು ಸಾಲಗಾರರಲ್ಲ. ಉಪಮೆಗೆ ನಾಲ್ಕು ಅಂಗಗಳೆಂದು ಆಲಂಕಾರಿಕರು ಹೇಳುತ್ತಾರೆ. "ಅವಳ ಮಾತು ಜೇನಿನಂತೆ ಸಿಹಿ" ಎಂಬಲ್ಲಿ ಮಾತು ಉಪಮೇಯ, ಜೇನು ಉಪಮಾನ, "ಅಂತೆ" ಎಂಬುದು ವಾಚಕ, ಸಿಹಿಯು ಸಾಧಾರಣ ಧರ್ಮ. ಇದೇ ಸಿಮಿಲಿ, ನಮ್ಮ "ಅಂತೆ" ಅಲ್ಲಿ ಲೈಕ್ ಅಥವಾ ಆಸ್ ಆಗುತ್ತದೆ. ವಾಚಕವನ್ನು ಕಳಚಿ "ಅವಳ ಮಾತೇ ಜೇನು" ಎಂದರೆ ರೂಪಕ, ಅದೇ ಮೆಟಫರ್. ಅನುಪ್ರಾಸವು ಅಲಿಟರೇಶನ್ನಿಗೂ, ಅತಿಶಯೋಕ್ತಿಯು ಹೈಪರ್ಬೊಲಿಗೂ ಹೊಂದುತ್ತವೆ. ಆದರೆ ಎಲ್ಲವನ್ನೂ ಸರಿಸಮವೆಂದು ತಿಳಿಯಬಾರದು. ಐರನಿಗೆ ನಮ್ಮ ವ್ಯಾಜಸ್ತುತಿಯು ನೆರೆಯವನೇ ಹೊರತು ಅವಳಿಜವಳಿಯಲ್ಲ. ಇಂಗ್ಲಿಷ್ ಪದ್ಯದ ಪ್ರಾಸವು ಸಾಲಿನ ತುದಿಯಲ್ಲಿದ್ದರೆ, ಹಳಗನ್ನಡದ ಪ್ರಾಸವು ಪ್ರತಿಯೊಂದು ಪಾದದ ಎರಡನೆಯ ಅಕ್ಷರದಲ್ಲಿರುತ್ತದೆ.

ಪರಭಾಷೆಯ ಶಾಸ್ತ್ರವನ್ನು ತನ್ನ ಭಾಷೆಯಲ್ಲಿ ಅರಗಿಸಿಕೊಳ್ಳುವ ಈ ಕ್ರಮಕ್ಕೆ ಹಿರಿಯ ನಿದರ್ಶನವೂ ಉಂಟು. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ದಂಡಿಯ ಸಂಸ್ಕೃತ ಕಾವ್ಯಾದರ್ಶವನ್ನು ಬಹುಮಟ್ಟಿಗೆ ಆಧರಿಸಿ, ಅಲಂಕಾರಶಾಸ್ತ್ರವನ್ನು ಕನ್ನಡದಲ್ಲಿ ಹೇಳಿತು. ಆ ಗ್ರಂಥವು ತಿರುಳ್ಗನ್ನಡದ ನಾಡಿಗೆ ಎಲ್ಲೆಯಾಗಿ ಹೆಸರಿಸಿದ ಊರುಗಳಲ್ಲಿ ಒಂದಾದ ಕೊಪಣವು ನಮ್ಮ ನೆರೆಯ ಕೊಪ್ಪಳವೇ. ಸಂಸ್ಕೃತಕ್ಕೆ ಅಂದು ಸಂದ ಉಪಾಯವು ಇಂಗ್ಲಿಷಿಗೆ ಇಂದು ಏಕೆ ಸಲ್ಲಬಾರದು?

ಉಳಿದುದು ಬರವಣಿಗೆ. ಅಂಗಡಿಯ ಗೈಡುಗಳಿಂದ ಪ್ರಬಂಧವನ್ನು ಉರು ಹೊಡೆದ ಬಾಲಕನು, ಜ್ವರ ಬಂದಾಗ ರಜೆಯ ಅರ್ಜಿಯನ್ನು ಸ್ವಂತವಾಗಿ ಬರೆಯಲಾರನು. ದಿನಕ್ಕೆ ಐದು ವಾಕ್ಯಗಳು ಸಾಕು; ಆದರೆ ಅವು ಅವನು ಕಂಡ ವಸ್ತುವಿನ ಮೇಲಿರಬೇಕು. ಸಿಂಧನೂರಿನವನು ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ದಿನವನ್ನೂ, ಲಿಂಗಸುಗೂರಿನವಳು ಮುದಗಲ್ಲಿನ ಕೋಟೆಯನ್ನೋ ಹಟ್ಟಿಯ ಚಿನ್ನದ ಗಣಿಯನ್ನೋ, ಮಸ್ಕಿಯವನು ಊರ ಗುಡ್ಡವನ್ನೂ ಬಣ್ಣಿಸಲಿ. ಮೊದಲು ಕನ್ನಡದಲ್ಲಿ ಬಾಯಿಯಿಂದ ಹೇಳಲಿ. ಬಳಿಕ ಒಂದೊಂದು ಸಂಗತಿಗೆ ಒಂದೊಂದು ಚಿಕ್ಕ ಇಂಗ್ಲಿಷ್ ವಾಕ್ಯವನ್ನು ಬರೆಯಲಿ. ಒಂದು ಪರಿಚ್ಛೇದದಲ್ಲಿ ಒಂದೇ ವಿಷಯವಿರಲಿ. ತಿದ್ದುವವರು ಪುಟವನ್ನೆಲ್ಲ ಕೆಂಪು ಮಾಡದೆ ಒಂದು ದಿನ ಕಾಲಗಳನ್ನು, ಇನ್ನೊಂದು ದಿನ ಪದಗಳ ಕಾಗುಣಿತವನ್ನು ಮಾತ್ರ ನೋಡತಕ್ಕದ್ದು. ಇಂಗ್ಲಿಷ್ ಅರಿಯದ ತಂದೆಯೂ "ಇದರ ಅರ್ಥವನ್ನು ಕನ್ನಡದಲ್ಲಿ ಹೇಳು" ಎಂದು ಕೇಳಬಲ್ಲನು. ಅರ್ಥ ಹೇಳಲಾರದ ವಾಕ್ಯವು ಮಗುವಿನದಲ್ಲ, ಗೈಡಿನದೆಂದು ಆ ಒಂದು ಪ್ರಶ್ನೆಯಿಂದಲೇ ಬಯಲಾಗುವುದು.

ಆದುದರಿಂದ ಗೃಹಸ್ಥರು ದಿನವೂ ದೀಪ ಹಚ್ಚಿದ ಮೇಲೆ ಅರ್ಧ ಗಂಟೆಯನ್ನು ಮಕ್ಕಳ ಬಳಿ ಕಳೆಯಬೇಕು. ಹುಡುಗನಿಗೆ ಎಷ್ಟೋ ಹುಡುಗಿಗೂ ಅಷ್ಟೇ ಸಮಯ ಸಲ್ಲಬೇಕು. ಮನೆಗೆಲಸದ ನೆಪದಿಂದ ಅವಳ ಪಾಲನ್ನು ಕಿತ್ತುಕೊಳ್ಳಬಾರದು. ತನ್ನ ನುಡಿಯ ಕಟ್ಟನ್ನು ಬಲ್ಲವರಿಗೆ ಬೇರೊಂದು ನುಡಿಯ ಕಟ್ಟು ಕಾಣದೆ ಹೋಗದು. ಕಟ್ಟು ಕಂಡ ಮೇಲೆ ಅಂಜಿಕೆಗೆ ಎಡೆಯಿಲ್ಲ.