ಗುಂಡಕ್ಕನಿಗೆ ಹುಷಾರಿಲ್ಲ

ಮಕ್ಕಳೇ, ನಿಮ್ಮಲ್ಲಿ ಎಷ್ಟು ಜನರ ಮನೆಯಲ್ಲಿ ಮೀನಿದೆ? ನಮ್ಮ ಮನೆಯಲ್ಲಿ ಒಂದು ಗೋಲ್ಡ್‌ಫಿಶ್ ಇದೆ. ಹೊಟ್ಟೆ ಗುಂಡಗಿದೆ ಅಂತ ಮಗಳು ಅದಕ್ಕೆ ಗುಂಡಕ್ಕ ಎಂದು ಹೆಸರಿಟ್ಟಳು. ಕಳೆದ ಚಳಿಗಾಲದ ಒಂದು ಬೆಳಿಗ್ಗೆ ನೋಡಿದರೆ ಗುಂಡಕ್ಕ ನೀರಿನ ಮೇಲಕ್ಕೇ ಬಂದು, ಬಾಯಿ ತೆರೆದು ಮುಚ್ಚುತ್ತಾ ಏದುಸಿರು ಬಿಡುತ್ತಿದ್ದಾಳೆ. ಈಜುರೆಕ್ಕೆಗಳು ಮೈಗೆ ಅಂಟಿಕೊಂಡಿವೆ, ಕಿವಿರು ಕೆಂಪಾಗಿದೆ. "ಅಪ್ಪಾ, ಗುಂಡಕ್ಕ ಸತ್ತುಹೋಗ್ತಾಳಾ?" ಎಂದು ಮಗಳು ಅಳಲು ಶುರುಮಾಡಿದಳು.

ನಾನು ಔಷಧಿ ತರಲು ಅಂಗಡಿಗೆ ಓಡಿದೆ. ಅಲ್ಲಿದ್ದ ಹುಡುಗ ಬಾಟಲಿ ಕೊಡುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ನೀರು ಪರೀಕ್ಷೆ ಮಾಡಿದ್ರಾ?" ಇಲ್ಲ. ಔಷಧಿ ಬಿಟ್ಟು, ನೀರು ಪರೀಕ್ಷಿಸುವ ಕಿಟ್ ತಂದೆ. ಹಳದಿಯಾಗಿ ಉಳಿಯಬೇಕಿದ್ದ ಅಮೋನಿಯಾ ಕೊಳವೆ ಹಸಿರಾಯಿತು.

ಆಗಲೇ ನನ್ನ ತಪ್ಪು ಗೊತ್ತಾಗಿದ್ದು. ಮೀನು ತನ್ನ ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಅದು ಮೀನಿಗೇ ವಿಷ. ಫಿಲ್ಟರಿನ ಸ್ಪಂಜಿನಲ್ಲಿ ನೆಲೆಸಿರುವ ಒಳ್ಳೆಯ ಬ್ಯಾಕ್ಟೀರಿಯಾಗಳು ಅದನ್ನು ಮೊದಲು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹಿಂದಿನ ಶನಿವಾರ ನಾನು ಆ ಸ್ಪಂಜನ್ನು ನಲ್ಲಿಯ ಬಿಸಿನೀರಿನಲ್ಲಿ, ಪಾತ್ರೆ ತಿಕ್ಕಿದ ಹಾಗೆ, ಫಳಫಳ ಹೊಳೆಯುವಂತೆ ತೊಳೆದಿದ್ದೆ! ಬ್ಯಾಕ್ಟೀರಿಯಾ ಪೂರ್ತಿ ಚರಂಡಿ ಪಾಲು. ಸ್ಪಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಮೆಲ್ಲಗೆ ಹಿಂಡಿದರೆ ಸಾಕು. ಹೊಸ ತೊಟ್ಟಿಯಲ್ಲೂ ಇದೇ ಕಥೆ: ಬ್ಯಾಕ್ಟೀರಿಯಾ ನೆಲೆಯೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ತೊಟ್ಟಿ ತಂದ ದಿನವೇ ಮೀನು ಬಿಟ್ಟರೆ ಪಾಪ, ಅವು ನರಳುತ್ತವೆ.

ಊರಿನಿಂದ ಅಜ್ಜಿ ಫೋನಿನಲ್ಲಿ, "ರಾತ್ರಿ ಬಕೆಟ್ಟಿನಲ್ಲಿ ನೀರು ಹಿಡಿದಿಟ್ಟು ಬೆಳಿಗ್ಗೆ ಹಾಕಿ" ಅಂದರು. ಬರೀ ಕ್ಲೋರಿನ್ ಇದ್ದರೆ ಅದು ಸರಿಯೇ. ಆದರೆ ಇಲ್ಲಿ ಅಮೆರಿಕದ ಅನೇಕ ಊರುಗಳಲ್ಲಿ ನಲ್ಲಿ ನೀರಿಗೆ ಕ್ಲೋರಮೈನ್ ಬೆರೆಸುತ್ತಾರೆ, ಅದು ಒಂದು ರಾತ್ರಿಯಲ್ಲಿ ಹಾರಿಹೋಗುವುದಿಲ್ಲ. ಕ್ಲೋರಿನ್ ತೆಗೆಯುವ ದ್ರಾವಣ ಹಾಕಲೇಬೇಕು. ಹಾಗೆ ಸಿದ್ಧಮಾಡಿದ, ತೊಟ್ಟಿಯಷ್ಟೇ ಬೆಚ್ಚಗಿನ ನೀರಿನಿಂದ ಮೂರನೇ ಒಂದು ಭಾಗ ಬದಲಿಸಿದೆವು. ಗಾಳಿಯ ಪಂಪು ಜೋರು ಮಾಡಿದೆವು, ಎರಡು ದಿನ ಊಟ ನಿಲ್ಲಿಸಿದೆವು (ಮಗಳಿಗೆ ಇದೇ ಕಷ್ಟವಾಗಿದ್ದು). ದಿನವೂ ಪರೀಕ್ಷೆ, ದಿನವೂ ಸ್ವಲ್ಪ ನೀರು ಬದಲಾವಣೆ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬರುವವರೆಗೆ ಬಿಡಲಿಲ್ಲ. ನಾಲ್ಕನೇ ದಿನ ಗುಂಡಕ್ಕ ಕಾಳಿಗೆ ಬಾಯಿ ಹಾಕಿದಳು.

ನೀರು ಸರಿಯಿದ್ದೂ ಮೀನು ಕಾಯಿಲೆ ಬೀಳುವುದುಂಟು. ಮೈಮೇಲೆಲ್ಲ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆ, ಕಲ್ಲಿಗೆ ಮೈ ಉಜ್ಜುವುದು ಕಂಡರೆ ಅದು ಬಿಳಿಚುಕ್ಕೆ ರೋಗ. ಇದಕ್ಕೆ ಔಷಧಿ ಬೇಕು. ಆದರೆ ಚುಕ್ಕೆಯೊಳಗೆ ಕೂತ ಪರಾವಲಂಬಿಗೆ ಔಷಧಿ ತಾಗುವುದಿಲ್ಲ. ಅದು ಕೆಳಗೆ ಬಿದ್ದು, ನೂರಾರು ಮರಿಗಳಾಗಿ ಒಡೆದು, ಅವು ಮೀನು ಹುಡುಕುತ್ತಾ ಈಜುವಾಗ ಮಾತ್ರ ಸಾಯುತ್ತದೆ. ಆದ್ದರಿಂದ ಚುಕ್ಕೆ ಮಾಯವಾಯಿತೆಂದು ಅರ್ಧಕ್ಕೆ ನಿಲ್ಲಿಸಬೇಡಿ, ಲೇಬಲ್ಲಿನಲ್ಲಿ ಹೇಳಿದಷ್ಟು ದಿನ ಹಾಕಿ. ಫಿಲ್ಟರಿನಲ್ಲಿ ಇದ್ದಿಲಿನ ಚೀಲವಿದ್ದರೆ ಮೊದಲು ತೆಗೆಯಿರಿ, ಇಲ್ಲದಿದ್ದರೆ ಔಷಧಿಯನ್ನೆಲ್ಲ ಅದೇ ಹೀರಿಬಿಡುತ್ತದೆ. ಹುರುಪೆಗಳು ನಿಮಿರಿ ಮೈ ಊದಿಕೊಂಡರೆ ಮಾತ್ರ ಮನೆಮದ್ದು ಬೇಡ, ಮೀನು ನೋಡುವ ಪಶುವೈದ್ಯರೂ ಇದ್ದಾರೆ, ಕೇಳಿ.

ವಸಂತ ಬಂದಾಗ ನಮ್ಮ ಮೀನಿಗೂ ಬಿಳಿ ಚುಕ್ಕೆ ಬಂತು! ಗಾಬರಿಯಿಂದ ಭೂತಗನ್ನಡಿ ಹಿಡಿದು ನೋಡಿದೆವು. ಚುಕ್ಕೆಗಳಿದ್ದದ್ದು ಕಿವಿರಿನ ಮುಚ್ಚಳದ ಮೇಲೆ ಮತ್ತು ಮುಂದಿನ ಈಜುರೆಕ್ಕೆಗಳ ಅಂಚಿನಲ್ಲಿ ಮಾತ್ರ, ಸಾಲಾಗಿ. ಅದು ರೋಗವಲ್ಲ, ಸಂತಾನದ ಕಾಲದಲ್ಲಿ ಗಂಡು ಗೋಲ್ಡ್‌ಫಿಶ್‌ಗೆ ಬರುವ ಗುರುತು. ಅಂದಿನಿಂದ ನಮ್ಮನೆಯಲ್ಲಿ ಗುಂಡಕ್ಕ ಇಲ್ಲ, ಗುಂಡಣ್ಣ ಇದ್ದಾನೆ.