ಲಿಯೋ ಫೆಂಡರ್ ತಮ್ಮ ಹೆಸರಿಲ್ಲದೆ ಕಟ್ಟಿದ ಗಿಟಾರ್‌ಗಳು

ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಊರಿನಲ್ಲಿ ಫೆಂಡರ್ ಅವೆನ್ಯೂ ಎಂಬ ರಸ್ತೆಯಿದೆ. 1980ರಲ್ಲಿ ಆ ರಸ್ತೆಯ ಕಾರ್ಖಾನೆಯೊಂದರಲ್ಲಿ ಲಿಯೋ ಫೆಂಡರ್ ಹೊಸ ಗಿಟಾರ್ ತಯಾರಿಸಲು ಕೂತರು. ರಸ್ತೆಗೆ ಅವರ ಹೆಸರು ಇತ್ತು, ಗಿಟಾರ್‌ಗೆ ಮಾತ್ರ ಇಡುವಂತಿರಲಿಲ್ಲ. ಆ ಹೆಸರನ್ನು ಅವರು ಹದಿನೈದು ವರ್ಷ ಮೊದಲೇ ಮಾರಿಬಿಟ್ಟಿದ್ದರು.

ಎಲೆಕ್ಟ್ರಿಕ್ ಗಿಟಾರ್ ಎಂದಾಗ ನಮ್ಮ ಕಣ್ಣ ಮುಂದೆ ಬರುವ ಆಕಾರಗಳಲ್ಲಿ ಎರಡು ಈ ಮನುಷ್ಯನವೇ: ಟೆಲಿಕ್ಯಾಸ್ಟರ್ ಮತ್ತು 1954ರ ಸ್ಟ್ರಾಟೊಕ್ಯಾಸ್ಟರ್. 1951ರ ಪ್ರಿಸಿಷನ್ ಬಾಸ್ ಕೂಡ ಅವರದೇ. ಓದಿದ್ದು ಲೆಕ್ಕಪತ್ರ, ನಡೆಸುತ್ತಿದ್ದದ್ದು ರೇಡಿಯೋ ರಿಪೇರಿ ಅಂಗಡಿ. ಗಿಟಾರ್ ನುಡಿಸಲು ಅವರಿಗೆ ಕೊನೆಯವರೆಗೂ ಬರಲಿಲ್ಲ. ವಾದಕರನ್ನು ಕರೆದು ನುಡಿಸಲು ಹೇಳಿ, ಅವರ ದೂರುಗಳನ್ನು ಕೇಳಿಸಿಕೊಂಡು, ಮತ್ತೆ ಬೆಂಚಿಗೆ ಹೋಗಿ ತಿದ್ದುವುದು ಅವರ ಕ್ರಮ. 1965ರ ಜನವರಿಯಲ್ಲಿ, ಬಹಳ ದಿನ ಕಾಡಿದ ಕಾಯಿಲೆಯಿಂದ ಸೋತು, ಕಂಪನಿಯನ್ನು 1.3 ಕೋಟಿ ಡಾಲರ್‌ಗೆ ಸಿಬಿಎಸ್ ಸಂಸ್ಥೆಗೆ ಒಪ್ಪಿಸಿದರು. ಆಮೇಲೆ ಕಾಯಿಲೆ ವಾಸಿಯಾಯಿತು, ಕೈ ಸುಮ್ಮನಿರಲಿಲ್ಲ. ಹತ್ತು ವರ್ಷ ಪೈಪೋಟಿಗಿಳಿಯಬಾರದೆಂಬ ಕರಾರು ಮುಗಿದ ಮೇಲೆ ಮ್ಯೂಸಿಕ್ ಮ್ಯಾನ್ ಕಂಪನಿಯಲ್ಲಿ ಕೆಲಸ ಮಾಡಿದರು; ಅಲ್ಲಿಂದಲೂ ಹೊರಬಂದು ಹಳೆಯ ಜೊತೆಗಾರ ಜಾರ್ಜ್ ಫುಲರ್ಟನ್ ಜೊತೆ ಸೇರಿ ಜಿ ಆ್ಯಂಡ್ ಎಲ್ ಆರಂಭಿಸಿದರು. ಜಾರ್ಜ್‌ನ ಜಿ, ಲಿಯೋನ ಎಲ್.

ಇಲ್ಲಿ ಅವರು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಬೇಕು. ಹಳೆಯ ಸ್ಟ್ರಾಟೊಕ್ಯಾಸ್ಟರಿನ ಪಿಕಪ್‌ನಲ್ಲಿ, ಅಂದರೆ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗದಲ್ಲಿ, ಆರು ತಂತಿಗಳ ಕೆಳಗೆ ಆರು ಆಯಸ್ಕಾಂತದ ಮೊಳೆಗಳಿರುತ್ತವೆ. ಅವುಗಳ ಎತ್ತರ ಕಾರ್ಖಾನೆಯಲ್ಲೇ ನಿಗದಿಯಾದದ್ದು, ಬದಲಿಸುವಂತಿಲ್ಲ. ಐವತ್ತರ ದಶಕದಲ್ಲಿ ಮೂರನೇ ತಂತಿಗೂ ಮೇಲೆ ಸಣ್ಣ ತಂತಿ ಸುತ್ತಿರುತ್ತಿತ್ತು, ಅದರ ದನಿ ಮೆತ್ತಗೆ. ಹಾಗಾಗಿ ಅದರ ಕೆಳಗಿನ ಮೊಳೆಯನ್ನು ಎತ್ತರಿಸಿದ್ದರು. ಮುಂದೆ ಎಲ್ಲರೂ ಸುತ್ತಿಲ್ಲದ ಬರಿಯ ತಂತಿ ಹಾಕತೊಡಗಿದಾಗ ಆ ಒಂದು ತಂತಿ ಉಳಿದವನ್ನು ಮೀರಿ ಕೂಗತೊಡಗಿತು. ಜಿ ಆ್ಯಂಡ್ ಎಲ್‌ಗಾಗಿ ಲಿಯೋ ರೂಪಿಸಿದ ಎಂಎಫ್‌ಡಿ ಪಿಕಪ್‌ನಲ್ಲಿ ಆಯಸ್ಕಾಂತ ಅಡಿಯಲ್ಲಿ ಒಂದೇ ಸೆರಾಮಿಕ್ ಪಟ್ಟಿಯಾಗಿ ಕೂತಿದೆ. ಮೇಲಿರುವುದು ಮೆದು ಕಬ್ಬಿಣದ ಆರು ಸ್ಕ್ರೂಗಳು. ಯಾವ ತಂತಿ ಜಾಸ್ತಿ ಕೂಗುತ್ತದೋ ಅದರ ಸ್ಕ್ರೂವನ್ನು ಅಲೆನ್ ಕೀಯಿಂದ ಸ್ವಲ್ಪ ಇಳಿಸಿದರೆ ಆಯಿತು. ಆಯಸ್ಕಾಂತ ಬಲವಾಗಿರುವುದರಿಂದ ಸುರುಳಿಯಲ್ಲಿ ತಂತಿಯ ಸುತ್ತು ಕಡಿಮೆ ಸಾಕು, ಗುಂಯ್‌ಗುಡುವ ಸದ್ದೂ ತಗ್ಗುತ್ತದೆ.

ಬ್ರಿಜ್ ಕೂಡ ಹಾಗೆಯೇ. ತಂತಿಗಳನ್ನು ಹೊರುವ ಆರು ಸ್ಯಾಡಲ್‌ಗಳು ಹಳೆಯ ಸ್ಟ್ರಾಟೊಕ್ಯಾಸ್ಟರಿನಲ್ಲಿ ಬಿಡಿಬಿಡಿಯಾಗಿ ನಿಂತು ಅತ್ತಿತ್ತ ಅಲುಗುತ್ತವೆ. ಲಿಯೋ ಪಕ್ಕದಲ್ಲಿ ಒಂದು ಪುಟ್ಟ ಸ್ಕ್ರೂ ಇಟ್ಟರು. ಅದನ್ನು ಬಿಗಿ ಮಾಡಿದರೆ ಆರೂ ಒಂದಕ್ಕೊಂದು ಒತ್ತಿಕೊಂಡು ಒಂದೇ ತುಂಡಿನಂತಾಗುತ್ತವೆ, ತಂತಿಯ ಕಂಪನ ನೇರವಾಗಿ ಮರಕ್ಕೆ ಇಳಿಯುತ್ತದೆ. ಒಂದು ಸ್ಕ್ರೂ, ಅಷ್ಟೇ. ಇಷ್ಟು ಸರಳವಾದದ್ದು ಹೊಳೆಯಬೇಕಾದರೆ ಅದೇ ವಸ್ತುವಿನ ಮೇಲೆ ಮೂವತ್ತು ವರ್ಷ ಕೈಯಾಡಿಸಿರಬೇಕು. ತಾವು ಈವರೆಗೆ ಮಾಡಿದ್ದರಲ್ಲೇ ಇವು ಅತ್ಯುತ್ತಮ ಎಂದು ಲಿಯೋ ಹೇಳಿಕೊಂಡದ್ದನ್ನು ಬರಿಯ ಜಾಹೀರಾತಿನ ಮಾತೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುವುದಿಲ್ಲ.

ಆದರೆ ದೊಡ್ಡ ವೇದಿಕೆಗಳಲ್ಲಿ ಇವು ಕಾಣಿಸಿದ್ದು ಬಹಳ ಕಡಿಮೆ. ಯಾಕೆ?

ಗುಣದ ಮಾತು ಇಲ್ಲಿ ಹೆಚ್ಚು ದೂರ ನಡೆಯುವುದಿಲ್ಲ. ವುಡ್‌ಸ್ಟಾಕ್‌ನಲ್ಲಿ ಜಿಮಿ ಹೆಂಡ್ರಿಕ್ಸ್ ನುಡಿಸಿದ ಬಿಳಿ ಸ್ಟ್ರಾಟೊಕ್ಯಾಸ್ಟರ್ 1968ರದು. ಪಿಂಕ್ ಫ್ಲಾಯ್ಡ್‌ನ ಡೇವಿಡ್ ಗಿಲ್ಮೋರ್ ಅವರ ಕಪ್ಪು ಸ್ಟ್ರಾಟೊಕ್ಯಾಸ್ಟರ್ 1969ರದು. 2019ರ ಹರಾಜಿನಲ್ಲಿ ಅದು 39.75 ಲಕ್ಷ ಡಾಲರ್‌ಗೆ ಹೋಯಿತು. ಎರಡೂ ಲಿಯೋ ಕಂಪನಿ ಬಿಟ್ಟ ಮೇಲಿನವು, ಫೆಂಡರ್ ಗಿಟಾರ್‌ಗಳ ಕೆಲಸ ಸಡಿಲವಾಯಿತೆಂದು ಸಂಗ್ರಾಹಕರು ಗೊಣಗುವ ಸಿಬಿಎಸ್ ಕಾಲದವು. ಆ ಗಿಟಾರ್‌ಗಳಿಗೆ ಬೆಲೆ ಬಂದದ್ದು ನುಡಿಸಿದ ಕೈಗಳಿಂದ.

ಹೆಸರಾಂತ ವಾದಕ ಗಿಟಾರ್ ಆರಿಸುವುದು ಹೆಸರು ಬಂದ ಮೇಲಲ್ಲ. ಹದಿನಾಲ್ಕು ಹದಿನೈದರ ವಯಸ್ಸಿನಲ್ಲಿ ರೆಕಾರ್ಡ್ ಹಾಕಿಕೊಂಡು ಕೇಳುವಾಗಲೇ ಆ ಆಯ್ಕೆ ಮುಗಿದಿರುತ್ತದೆ. ಗಾಯಕ ಕ್ಲಿಫ್ ರಿಚರ್ಡ್ 1959ರಲ್ಲಿ ಅಮೆರಿಕದಿಂದ ತಮ್ಮ ತಂಡದ ಗಿಟಾರ್ ವಾದಕ ಹ್ಯಾಂಕ್ ಮಾರ್ವಿನ್‌ಗೆ ತರಿಸಿಕೊಟ್ಟ ಕೆಂಪು ಸ್ಟ್ರಾಟೊಕ್ಯಾಸ್ಟರನ್ನು ನೋಡಿ ಇಂಗ್ಲೆಂಡಿನ ಒಂದು ತಲೆಮಾರಿನ ಹುಡುಗರೇ ಅದಕ್ಕೆ ಆಸೆಪಟ್ಟರು. ಅವರನ್ನು ಕೇಳಿ ಬೆಳೆದವರು ಮತ್ತೆ ಅದನ್ನೇ ಬಯಸಿದರು. 1980ರಲ್ಲಿ ಬಂದ ಗಿಟಾರ್‌ಗೆ ಅಂಥ ರೆಕಾರ್ಡುಗಳೇ ಇರಲಿಲ್ಲ. ಎಂಎಫ್‌ಡಿ ದನಿ ಹೆಚ್ಚು ಸ್ಪಷ್ಟ, ಹೆಚ್ಚು ಗಟ್ಟಿ. ಆದರೆ ಸ್ಟುಡಿಯೋದಲ್ಲಿ ನಿರ್ಮಾಪಕ ಕೇಳುವುದು ಒಳ್ಳೆಯ ದನಿಯನ್ನಲ್ಲ, ತನಗೆ ಗೊತ್ತಿರುವ ದನಿಯನ್ನು. ಈ ಒತ್ತಾಯ ಎಷ್ಟಿತ್ತೆಂದರೆ, ಲಿಯೋ ತೀರಿಕೊಂಡ ಮರುವರ್ಷ, 1992ರಲ್ಲಿ, ಜಿ ಆ್ಯಂಡ್ ಎಲ್ ಲೆಗಸಿ ಎಂಬ ಮಾಡೆಲ್ ತಂದು ಅದಕ್ಕೆ ಹಳೆಯ ಬಗೆಯ ಅಲ್ನಿಕೊ ಪಿಕಪ್‌ಗಳನ್ನೇ ಕೂರಿಸಿತು.

ವ್ಯವಹಾರದ ಕಾರಣಗಳು ಎಲ್ಲರಿಗೂ ತಿಳಿದವೇ. ದೊಡ್ಡ ಕಂಪನಿ ಕಲಾವಿದನ ಹೆಸರಿನಲ್ಲಿ ಸಿಗ್ನೇಚರ್ ಮಾಡೆಲ್ ತರುತ್ತದೆ. ಎರಿಕ್ ಕ್ಲಾಪ್ಟನ್ ಅವರದನ್ನು ಫೆಂಡರ್ 1988ರಲ್ಲಿ ತಂದಿತು. ಸಣ್ಣ ಕಂಪನಿಗೆ ಅದರ ಖರ್ಚು ಭಾರ. ಪ್ರವಾಸದಲ್ಲಿ ಗಿಟಾರ್ ಕೆಟ್ಟರೆ ಯಾವ ಊರಿನಲ್ಲಾದರೂ ಬಾಡಿಗೆಗೆ ಸ್ಟ್ರಾಟೊಕ್ಯಾಸ್ಟರ್ ಸಿಗುತ್ತದೆ, ಜಿ ಆ್ಯಂಡ್ ಎಲ್ ಸಿಗುವುದು ಕಷ್ಟ. ನೂರು ಊರು ತಿರುಗುವವರಿಗೆ ಇದು ಸಣ್ಣ ಮಾತಲ್ಲ.

ಕಲಾವಿದರು ತಿರುಗಿಯೇ ನೋಡಲಿಲ್ಲ ಎಂದಲ್ಲ. ಆಲಿಸ್ ಇನ್ ಚೇನ್ಸ್ ತಂಡದ ಜೆರ್ರಿ ಕ್ಯಾಂಟ್ರೆಲ್ ಹೆಸರು ಬರುವ ಮೊದಲೇ ಟೆಕ್ಸಸ್‌ನಲ್ಲಿ ಕೊಂಡ ಜಿ ಆ್ಯಂಡ್ ಎಲ್ ರ್‍ಯಾಂಪೇಜ್ ಗಿಟಾರನ್ನು ಇಡೀ ಜಗತ್ತಿಗೆ ಕೇಳಿಸಿದರು. ನನಗೆ ಸಂಕಟವಾಗುವುದು ಇಲ್ಲೇ: ಆ ಮಾಡೆಲ್‌ನಲ್ಲಿ ಎಂಎಫ್‌ಡಿ ಪಿಕಪ್ ಇಲ್ಲ, ತಂತಿಗಳ ಶ್ರುತಿಯನ್ನು ಅಲುಗಿಸುವ ಅದರ ಟ್ರೆಮೊಲೊ ಕಾಹ್ಲರ್ ಕಂಪನಿಯದು. ಜಿ ಆ್ಯಂಡ್ ಎಲ್‌ನ ಅತಿ ಪ್ರಸಿದ್ಧ ವಾದ್ಯದಲ್ಲೂ ಲಿಯೋ ಅವರ ಕೊನೆಯ ದಶಕದ ಶೋಧಗಳು ಕೇಳಿಸುವುದಿಲ್ಲ.

ಲಿಯೋ 1991ರ ಮಾರ್ಚ್ 21ರಂದು ತೀರಿಕೊಂಡರು, ಹಿಂದಿನ ದಿನದವರೆಗೂ ಕಾರ್ಖಾನೆಗೆ ಬಂದಿದ್ದರು. ಇಂಡೊನೇಷ್ಯಾದಲ್ಲಿ ತಯಾರಾದ ಟ್ರಿಬ್ಯೂಟ್ ಸರಣಿ ಮುಂದೆ ಈ ವಿನ್ಯಾಸಗಳನ್ನು ಸಾಮಾನ್ಯರ ಜೇಬಿಗೆ ಎಟುಕುವಂತೆ ಮಾಡಿತು. ಲೆಗಸಿ, ಎಸ್-500, ಕೊಮಾಂಚಿ ಇವುಗಳಲ್ಲಿ ಯಾವುದಾದರೂ ಕೈಗೆ ಸಿಕ್ಕರೆ ವಾಲ್ಯೂಮ್ ಪಕ್ಕದ ಎರಡು ಗುಂಡಿಗಳನ್ನು ಗಮನಿಸಿ. ಒಂದು ಟ್ರೆಬಲ್ ತಗ್ಗಿಸುತ್ತದೆ, ಇನ್ನೊಂದು ಬಾಸ್. ಬಾಸ್ ತಗ್ಗಿಸುವ ಗುಂಡಿ ಎಲೆಕ್ಟ್ರಿಕ್ ಗಿಟಾರ್‌ಗಳಲ್ಲಿ ಅಪರೂಪ. ಆ್ಯಂಪ್‌ನಲ್ಲಿ ಡಿಸ್ಟಾರ್ಷನ್ ಏರಿಸಿ, ಆ ಗುಂಡಿಯನ್ನು ನಿಧಾನ ಹಿಂದಕ್ಕೆ ತಿರುಗಿಸಿ. ದಪ್ಪ ತಂತಿಗಳ ಕಲಸುಮೇಲೋಗರ ಕರಗಿ, ಸ್ವರಮೇಳದ ಒಂದೊಂದು ಸ್ವರವೂ ಬೇರೆಬೇರೆಯಾಗಿ ಕೇಳಿಸುತ್ತದೆ.